ಮನೆಬಾಗಿಲಿಗೆ ಬಂದ ಕಾಲೇಜು

ವಿದ್ಯೆಗೆ ಬೆಲೆ ಕಟ್ಟಲಾಗದೆಂದು ಹಿರಿಯರು ಹೇಳುತ್ತಾರೆ. ಬೆಲೆ ಕಟ್ಟಿ ಮಾರುವವರು ಮಾತ್ರ ಎಲ್ಲ ಕಾಲದಲ್ಲಿಯೂ ಇದ್ದಾರೆ. ಮಾರುವುದೇ ತಪ್ಪೆನ್ನುವಂತಿಲ್ಲ; ಶುಲ್ಕ ತೆಗೆದುಕೊಂಡು ಚೆನ್ನಾಗಿ ಕಲಿಸಿದ ಖಾಸಗಿ ಶಾಲೆಗಳು ಎಷ್ಟೋ ಉಂಟು. ತೊಡಕಿರುವುದು ಬೇರೆ ಕಡೆ. ಬಟ್ಟೆಯನ್ನು ಮುಟ್ಟಿ ನೋಡಬಹುದು, ಅಕ್ಕಿಯ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ನೋಡಬಹುದು. ಪದವಿಯ ಬೆಲೆ ತಿಳಿಯುವುದು ಮೂರು ನಾಲ್ಕು ವರ್ಷ ಕಳೆದು, ಕೆಲಸ ಕೇಳಲು ಹೊರಟಾಗ. ಅಲ್ಲಿಯವರೆಗೆ ಮಾರುವವನ ಮಾತೇ ಪ್ರಮಾಣ. ಆ ಮಾತು ಸುಳ್ಳಾದರೆ ಎಷ್ಟು ಸಂಸಾರಗಳು ಸಾಲದಲ್ಲಿ ಮುಳುಗಬಹುದು ಎಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಕಥೆಯಿಂದ ತಿಳಿಯಬಹುದು.

ಈ ಕಥೆಯ ಮೊದಲು ಒಳ್ಳೆಯದಾಗಿಯೇ ಇದೆ. ಪೆನ್ಸಿಲ್ವೇನಿಯದ ಕಲ್ಲಿದ್ದಲ ಸೀಮೆಯಲ್ಲಿ ಅಪಘಾತಗಳು ಹೆಚ್ಚಾಗಿ, ಗಣಿಯ ಮೇಸ್ತ್ರಿಯಾಗುವವರು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂದು ಆ ರಾಜ್ಯ ಕಾನೂನು ಮಾಡಿತು. ಹಗಲೆಲ್ಲ ನೆಲದಡಿಯಲ್ಲಿ ದುಡಿಯುವವರು ಓದುವುದೆಲ್ಲಿ? ಥಾಮಸ್ ಫಾಸ್ಟರ್ ಎಂಬ ಪತ್ರಿಕಾ ಸಂಪಾದಕನು 1891ರಲ್ಲಿ ಅವರಿಗೆ ಅಂಚೆಯ ಮೂಲಕ ಪಾಠ ಕಳುಹಿಸತೊಡಗಿದನು. ಸ್ಕ್ರಾಂಟನ್ ಊರಿನ ಈ ಅಂಚೆ ಶಾಲೆ ಲಕ್ಷಗಟ್ಟಲೆ ಜನರನ್ನು ಸೇರಿಸಿಕೊಂಡಿತು. ಇದರ ಬೆನ್ನಿಗೇ ಇಂಥ ಶಾಲೆಗಳು ಬಹಳ ಹುಟ್ಟಿದವು. ಕಮಿಷನ್ನಿಗಾಗಿ ಮನೆಮನೆ ತಿರುಗುವ ಮಾರಾಟಗಾರರೂ ಹುಟ್ಟಿದರು. 1926ರಲ್ಲಿ ಜಾನ್ ನಾಫ್‌ಸಿಂಗರ್ ಎಂಬ ವಿದ್ವಾಂಸರು ಈ ಶಾಲೆಗಳನ್ನು ಪರಿಶೀಲಿಸಿದಾಗ, ಸೇರಿದವರಲ್ಲಿ ಬಹುಮಂದಿ ಪಾಠವನ್ನು ಮುಗಿಸದೆಯೇ ಬಿಟ್ಟಿದ್ದು ಕಂಡುಬಂತು. ಸೇರಿಸಿದವನಿಗೆ ಅಷ್ಟುಹೊತ್ತಿಗೆ ಕಮಿಷನ್ ಸಂದಿರುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಸರ್ಕಾರದ ಬೊಕ್ಕಸವೂ ಈ ವ್ಯಾಪಾರದೊಳಕ್ಕೆ ಬಂತು. ಮರಳಿ ಬಂದ ಸೈನಿಕರ ಓದಿಗೆ ವರ್ಷಕ್ಕೆ 500 ಡಾಲರಿನವರೆಗೆ ಕೊಡುವ ಶಾಸನ 1944ರಲ್ಲಿ ಆಯಿತು. ಆ ಶಾಸನದಿಂದ ಲಕ್ಷಾಂತರ ಬಡ ಮನೆಗಳ ಮಕ್ಕಳು ವಿಶ್ವವಿದ್ಯಾನಿಲಯ ಕಂಡರು. ಜೊತೆಗೇ, ಆ ಹಣಕ್ಕೆಂದೇ ಸಾವಿರಾರು ತರಬೇತಿ ಶಾಲೆಗಳು ರಾತ್ರೋರಾತ್ರಿ ಬೋರ್ಡು ತೂಗುಹಾಕಿದವು. 1952ರ ಹೊಸ ಶಾಸನ ಇದಕ್ಕೊಂದು ಕಟ್ಟು ಹಾಕಿತು: ಒಂದು ತರಗತಿಯಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಮಂದಿ ಸರ್ಕಾರದ ಹಣದಿಂದ ಓದುವ ಸೈನಿಕರಿರಬಾರದು. ಸ್ವಂತ ಹಣ ಕೊಡುವವರು ಒಬ್ಬರೂ ಸೇರದ ಪಾಠಕ್ಕೆ ಬೆಲೆಯಿಲ್ಲ ಎಂಬುದು ಇದರ ಹಿಂದಿನ ಸರಳ ಲೆಕ್ಕ.

ಹೆಸರಾಂತವರ ಮುಖ ತೋರಿಸಿ ಮಾರುವ ಉಪಾಯವೂ ಹಳೆಯದೇ. ‘ಪ್ರಸಿದ್ಧ ಲೇಖಕರ ಶಾಲೆ’ ಎಂಬ ಅಂಚೆ ಶಾಲೆಯ ಜಾಹೀರಾತಿನಲ್ಲಿ 15 ಮಂದಿ ಖ್ಯಾತ ಬರಹಗಾರರ ಹೆಸರಿತ್ತು. ವಿದ್ಯಾರ್ಥಿಗಳ ಬರಹವನ್ನು ಅವರು ಓದುತ್ತಿರಲಿಲ್ಲ. ಜೆಸಿಕಾ ಮಿಟ್‌ಫರ್ಡ್ ಎಂಬ ಲೇಖಕಿ 1970ರಲ್ಲಿ ಅಟ್ಲಾಂಟಿಕ್ ಮಾಸಪತ್ರಿಕೆಯಲ್ಲಿ ಇದನ್ನು ಬಯಲಿಗೆಳೆದರು. ಅಲ್ಪ ವರಮಾನದ ವೃದ್ಧ ವಿಧವೆಯನ್ನೂ ಆ ಶಾಲೆಯ ಮಾರಾಟಗಾರ ಬಿಟ್ಟಿರಲಿಲ್ಲ. ಎರಡೇ ವರ್ಷಗಳಲ್ಲಿ ಶಾಲೆ ದಿವಾಳಿಯಾಯಿತು.

ಅದೇ 1972ರಲ್ಲಿ, ಸರ್ಕಾರದ ವಿದ್ಯಾರ್ಥಿವೇತನ ಮತ್ತು ಸಾಲದ ಬಾಗಿಲು ಲಾಭಕ್ಕಾಗಿ ನಡೆಯುವ ಶಾಲೆಗಳಿಗೂ ವಿಶಾಲವಾಗಿ ತೆರೆಯಿತು. ಇಪ್ಪತ್ತು ವರ್ಷ ಮೋಸದ ದೂರುಗಳನ್ನು ಕೇಳಿದ ಮೇಲೆ, 1992ರಲ್ಲಿ ಕಾಂಗ್ರೆಸ್ ಸಭೆ ಮೂರು ಕಟ್ಟುಗಳನ್ನು ವಿಧಿಸಿತು. ಸೇರಿಸಿದ ತಲೆಗಿಷ್ಟು ಎಂದು ಕಮಿಷನ್ ಕೊಡಬಾರದು. ವರಮಾನದಲ್ಲಿ ನೂರಕ್ಕೆ 15 ಭಾಗವಾದರೂ ಈ ಸರ್ಕಾರಿ ನೆರವಿನ ಹೊರಗಿನಿಂದ ಬರಬೇಕು. ಅರ್ಧಕ್ಕಿಂತ ಹೆಚ್ಚು ಪಾಠವನ್ನು ದೂರದಿಂದಲೇ ಕಲಿಸುವ ಸಂಸ್ಥೆಗೆ ನೆರವಿಲ್ಲ. ಮುಂದೆ ಒಂದೊಂದೇ ಕಟ್ಟು ಸಡಿಲವಾಯಿತು. 1998ರಲ್ಲಿ 15 ಇದ್ದದ್ದು 10ಕ್ಕೆ ಇಳಿಯಿತು. 2002ರಲ್ಲಿ ಕಮಿಷನ್ ನಿಷೇಧಕ್ಕೆ 12 ವಿನಾಯಿತಿಗಳು ಬಂದವು. 2006ರಲ್ಲಿ, ಅಂತರ್ಜಾಲದ ಮೂಲಕ ನಡೆಯುವ ಪಾಠಗಳಿಗೆ ಅರ್ಧದ ಮಿತಿಯೇ ಹೋಯಿತು.

ಆಗ ಏನಾಯಿತೆಂಬುದಕ್ಕೆ ಆಯೋವಾ ರಾಜ್ಯದ ಕ್ಲಿಂಟನ್ ಎಂಬ ಊರನ್ನು ನೋಡಬೇಕು. ಮಿಸಿಸಿಪ್ಪಿ ನದಿಯ ದಡದ ಈ ಊರಿನಲ್ಲಿ ಫ್ರಾನ್ಸಿಸ್ಕನ್ ಸಂನ್ಯಾಸಿನಿಯರು 1918ರಲ್ಲಿ ಸ್ಥಾಪಿಸಿದ ಒಂದು ಚಿಕ್ಕ ಕಾಲೇಜಿತ್ತು. ವಿದ್ಯಾರ್ಥಿಗಳು ಕೆಲವೇ ನೂರು, ಕೈಯಲ್ಲಿ ಹಣವಿಲ್ಲ. ಇದ್ದ ಒಂದೇ ಆಸ್ತಿಯೆಂದರೆ ಮಾನ್ಯತೆ. ಸರ್ಕಾರದ ಸಾಲ ದೊರೆಯಬೇಕಾದರೆ ಮಾನ್ಯತೆ ಬೇಕೇ ಬೇಕು. ಹೊಸದಾಗಿ ಅದನ್ನು ಪಡೆಯುವುದು ವರ್ಷಗಳ ಕೆಲಸ. ಬ್ರಿಜ್‌ಪಾಯಿಂಟ್ ಎಂಬ ಕಂಪನಿ 2005ರಲ್ಲಿ ಆ ಕಾಲೇಜನ್ನೇ ಕೊಂಡು ಆಶ್‌ಫರ್ಡ್ ವಿಶ್ವವಿದ್ಯಾನಿಲಯವೆಂದು ಹೆಸರಿಟ್ಟಿತು. ಕೆಲವೇ ವರ್ಷಗಳಲ್ಲಿ ಅಲ್ಲಿನ ವಿದ್ಯಾರ್ಥಿಗಳ ಸಂಖ್ಯೆ 70 ಸಾವಿರ ದಾಟಿತು. ಹೆಚ್ಚುಕಡಿಮೆ ಎಲ್ಲರೂ ಮನೆಯ ಕಂಪ್ಯೂಟರಿನ ಮುಂದೆ ಕುಳಿತವರೇ. ಕ್ಲಿಂಟನ್ ಊರನ್ನು ಕಣ್ಣಿಂದ ಕಂಡವರು ಬಲು ಕಡಮೆ. 2016ರಲ್ಲಿ ಆ ಹಳೆಯ ಆವರಣವನ್ನೂ ಮುಚ್ಚಿಬಿಟ್ಟರು.

ಇಷ್ಟು ಜನ ಸೇರಿದ್ದು ಟೆಲಿಫೋನಿನಿಂದ. ಫೋನಿನಲ್ಲಿ ಮಾತನಾಡುವವರಿಗೆ ‘ಪ್ರವೇಶ ಸಲಹೆಗಾರ’ ಎಂಬ ಗೌರವದ ಹೆಸರು; ಮಾಡುತ್ತಿದ್ದುದು ಮಾರಾಟ. ಓದಿದರೆ ಶಿಕ್ಷಕರಾಗಬಹುದು, ದಾದಿಯಾಗಬಹುದು, ಸಮಾಜ ಸೇವಕರಾಗಬಹುದು ಎಂದು ಅವರು ಭರವಸೆಯಿತ್ತರು. ಆ ವೃತ್ತಿಗಳ ಪರವಾನಗಿಗೆ ಆ ಪದವಿ ಸಾಲುತ್ತಿರಲಿಲ್ಲ. ಇಲ್ಲಿ ಓದಿದ ಪಾಠಗಳು ಬೇರೆ ಕಾಲೇಜಿನಲ್ಲಿಯೂ ಲೆಕ್ಕಕ್ಕೆ ಬರುತ್ತವೆಂದರು. ಖರ್ಚನ್ನೂ ಕಡಮೆ ಮಾಡಿ ಹೇಳಿದರು. ಕ್ಯಾಲಿಫೋರ್ನಿಯ ರಾಜ್ಯ 2017ರಲ್ಲಿ ದಾವೆ ಹೂಡಿತು. ತಪ್ಪುದಾರಿಗೆಳೆಯುವ ಕರೆಗಳು 12 ಲಕ್ಷಕ್ಕೂ ಮೀರಿದ್ದವೆಂದು ಲೆಕ್ಕ ಹಾಕಿದ ನ್ಯಾಯಾಲಯ, 2022ರಲ್ಲಿ 2 ಕೋಟಿ 20 ಲಕ್ಷ ಡಾಲರಿಗೂ ಹೆಚ್ಚಿನ ದಂಡ ವಿಧಿಸಿತು. ಮೇಲ್ಮನವಿಯಲ್ಲಿ ದಂಡ ಸ್ವಲ್ಪ ಇಳಿಯಿತು, ತೀರ್ಪು ನಿಂತಿತು.

ಆಶ್‌ಫರ್ಡ್ ಒಂದೇ ಹೀಗಿತ್ತೆಂದು ತಿಳಿಯಬಾರದು. 2010ರಲ್ಲಿ ಸರ್ಕಾರದ ಲೆಕ್ಕಪರಿಶೋಧನ ಕಚೇರಿಯವರು ವಿದ್ಯಾರ್ಥಿಗಳ ವೇಷದಲ್ಲಿ 15 ಕಾಲೇಜುಗಳಿಗೆ ಹೋದರು. ಹದಿನೈದರಲ್ಲಿಯೂ ಮೋಸದ ಅಥವಾ ಸಂಶಯಾಸ್ಪದವಾದ ಮಾತು ಕೇಳಿಬಂತು. ಕ್ಷೌರ ಕಲಿತರೆ ವರ್ಷಕ್ಕೆ ಒಂದೂವರೆ ಲಕ್ಷದಿಂದ ಎರಡೂವರೆ ಲಕ್ಷ ಡಾಲರು ಗಳಿಸಬಹುದೆಂದು ಒಂದೆಡೆ ಹೇಳಿದರಂತೆ. ವೆಬ್‌ಸೈಟಿನಲ್ಲಿ ಹೆಸರು ಬರೆದ ಒಬ್ಬ ನಕಲಿ ಅಭ್ಯರ್ಥಿಗೆ ಒಂದು ತಿಂಗಳಲ್ಲಿ 180ಕ್ಕೂ ಹೆಚ್ಚು ಕರೆಗಳು ಬಂದವು. ಆ ವರದಿಯ ಕೆಲವು ವಿವರಗಳನ್ನು ಆಮೇಲೆ ತಿದ್ದಬೇಕಾಯಿತಾದರೂ ಮುಖ್ಯ ಮಾತು ಬದಲಾಗಲಿಲ್ಲ.

ಸೆನೆಟರ್ ಟಾಮ್ ಹಾರ್ಕಿನ್ ಅವರ ಸಮಿತಿ 2012ರಲ್ಲಿ 30 ಕಂಪನಿಗಳ ಲೆಕ್ಕಪತ್ರ ಬಿಚ್ಚಿಟ್ಟಿತು. ಬಂದ ನೂರು ಡಾಲರಿನಲ್ಲಿ 22ಕ್ಕೂ ಮಿಕ್ಕಿ ಜಾಹೀರಾತಿಗೆ ಮತ್ತು ಭರ್ತಿಗೆ. ಬೋಧನೆಗೆ ಸುಮಾರು 17. ಭರ್ತಿ ಮಾಡುವವರು ಸುಮಾರು 35 ಸಾವಿರ. ಓದಿದವರಿಗೆ ಕೆಲಸ ಹುಡುಕಿಕೊಡುವವರು ಸುಮಾರು 3,500. ಐ.ಟಿ.ಟಿ. ಸಂಸ್ಥೆಯ ತರಬೇತಿ ಕಾಗದದಲ್ಲಿ ‘ನೋವಿನ ಆಲಿಕೆ’ ಎಂಬ ಚಿತ್ರವೇ ಇತ್ತು. ಎದುರಿನವರ ಬದುಕಿನಲ್ಲಿ ಎಲ್ಲಿ ನೋಯುತ್ತದೆಂದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ಕೆದಕುವುದು, ಆ ನೋವಿಗೆ ಕಾಲೇಜೇ ಮದ್ದೆನ್ನುವುದು: ಇದು ಆ ಚಿತ್ರದ ಉಪದೇಶ. ಒಂಟಿಯಾಗಿ ಮಕ್ಕಳನ್ನು ಸಾಕುವ ತಾಯಿ, ಕೆಲಸ ಕಳೆದುಕೊಂಡವನು, ಸೈನ್ಯದಿಂದ ಮರಳಿದವನು, ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲಿಗರು—ಇಂಥವರೇ ಗುರಿ. ಸೈನಿಕರಿಗೆ ಸರ್ಕಾರದ್ದೇ ಎನ್ನಿಸುವಂತೆ ‘ಜಿ.ಐ. ಬಿಲ್’ ಎಂಬ ಹೆಸರಿನಲ್ಲಿ ಖಾಸಗಿ ಕಂಪನಿಯೊಂದು ವೆಬ್‌ಸೈಟು ನಡೆಸುತ್ತಿತ್ತು. 2012ರ ಒಪ್ಪಂದದಲ್ಲಿ ಅದನ್ನು ಸರ್ಕಾರಕ್ಕೆ ಒಪ್ಪಿಸಬೇಕಾಯಿತು.

ಇದಾದ ಮೇಲೆ ಕಟ್ಟಡಗಳು ಒಂದೊಂದಾಗಿ ಕುಸಿದವು. ಕೊರಿಂಥಿಯನ್ ಕಾಲೇಜುಗಳು 2015ರಲ್ಲಿ, ಐ.ಟಿ.ಟಿ. 2016ರಲ್ಲಿ ಬಾಗಿಲು ಹಾಕಿದವು. ದೊಡ್ಡ ಕಂಪನಿಗಳೊಡನೆ ನಂಟಿದೆಯೆಂದು ತಪ್ಪಾಗಿ ಜಾಹೀರಾತು ಮಾಡಿತೆಂಬ ಆರೋಪದ ಮೇಲೆ ಫೀನಿಕ್ಸ್ ವಿಶ್ವವಿದ್ಯಾನಿಲಯ, ತಪ್ಪನ್ನು ಒಪ್ಪದೆಯೇ, 2019ರಲ್ಲಿ 19 ಕೋಟಿ 10 ಲಕ್ಷ ಡಾಲರಿನ ರಾಜಿಗೆ ಬಂತು. ಕಾಲೇಜು ಮುಚ್ಚಿದರೂ ಸಾಲ ಮುಚ್ಚುವುದಿಲ್ಲ; ಅಮೆರಿಕದಲ್ಲಿ ದಿವಾಳಿ ಎದ್ದರೂ ವಿದ್ಯಾರ್ಥಿ ಸಾಲದಿಂದ ಬಿಡುಗಡೆ ಬಹು ಕಷ್ಟ. ಮೋಸಹೋದವರು ವರ್ಷಗಟ್ಟಲೆ ಅರ್ಜಿ ಹಿಡಿದು ಕಾದರು. 2022ರಲ್ಲಿ ಕೊರಿಂಥಿಯನ್ನಿನ 5 ಲಕ್ಷ 60 ಸಾವಿರ ಮಂದಿಯ 580 ಕೋಟಿ ಡಾಲರು, ಐ.ಟಿ.ಟಿ.ಯ 2 ಲಕ್ಷ 8 ಸಾವಿರ ಮಂದಿಯ 390 ಕೋಟಿ ಡಾಲರು, 2025ರ ಜನವರಿಯಲ್ಲಿ ಆಶ್‌ಫರ್ಡಿನ 2 ಲಕ್ಷ 61 ಸಾವಿರ ಮಂದಿಯ 450 ಕೋಟಿ ಡಾಲರು ಸಾಲವನ್ನು ಸರ್ಕಾರ ಮನ್ನಾ ಮಾಡುವುದಾಗಿ ಸಾರಿತು. ಇದರ ಹೊರೆ ಬಹುಮಟ್ಟಿಗೆ ತೆರಿಗೆ ಕೊಡುವವರ ಮೇಲೆ ಬಿತ್ತು. ವ್ಯರ್ಥವಾದ ವರ್ಷಗಳನ್ನು ಹಿಂದಿರುಗಿಸುವ ಶಾಸನ ಯಾವುದೂ ಇಲ್ಲ.

ದೂರದಿಂದ ಕಲಿಸುವ ಪದ್ಧತಿಯನ್ನೇ ಇದಕ್ಕಾಗಿ ದೂರುವುದು ನ್ಯಾಯವಲ್ಲ. ದುಡಿಯುವವರಿಗೆ ಅದು ದೊಡ್ಡ ಉಪಕಾರ. 1891ರ ಗಣಿ ಕೆಲಸಗಾರನಿಗೂ ಅದರಿಂದ ಉಪಕಾರವೇ ಆಯಿತು. ಆದರೆ ಸೇರಿಸಿದವನಿಗೆ ಸೇರಿಸಿದ ದಿನವೇ ಲಾಭ, ಸೇರಿದವನಿಗೆ ಮುಗಿಸಿದ ಮೇಲೆ ಲಾಭ ಎಂಬ ಏರ್ಪಾಡು ಇರುವಷ್ಟು ದಿನ ಎಚ್ಚರ ತಪ್ಪಬಾರದು. ನಮ್ಮ ಮನೆಗೂ ಇಂಥ ಕರೆ ಬಂದರೆ ನಾಲ್ಕು ಪ್ರಶ್ನೆ ಕೇಳಬಹುದು: ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದರು? ಅವರಿಗೆ ಯಾವ ಕೆಲಸ ಸಿಕ್ಕಿತು? ಈ ಪದವಿಯನ್ನು ಒಪ್ಪುವವರು ಯಾರು? ಒಟ್ಟು ಖರ್ಚೆಷ್ಟು? ಉತ್ತರವನ್ನು ಬರೆದು ಕೊಡುವಂತೆ ಕೇಳಬೇಕು. ಇಂದೇ ಸೇರದಿದ್ದರೆ ಜಾಗವಿಲ್ಲವೆಂದು ಅವಸರಪಡಿಸುವವರಿಗೆ, ಮನೆಯ ಹಿರಿಯರೊಡನೆ ವಿಚಾರಿಸಿ ನಾಳೆ ತಿಳಿಸುತ್ತೇವೆಂದು ಹೇಳಿ ಫೋನು ಇಟ್ಟುಬಿಡುವುದು ಮೇಲು.