ಎದೆಹಾಲಿನಿಂದ ಎಲುಬಿನವರೆಗೆ: ಚಿತ್ತವಿಕಲತೆಯ ಔಷಧಗಳೂ ವೃದ್ಧಶರೀರವೂ

೧೯೫೨ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡೆಲೆ ಮತ್ತು ಡೆನಿಕೆರ್ ಎಂಬ ವೈದ್ಯರಿಬ್ಬರು ಕ್ಲೋರ್‌ಪ್ರೊಮಜೀನ್ ಎಂಬ ನೂತನ ಔಷಧವನ್ನು ಉನ್ಮತ್ತರಾದ ರೋಗಿಗಳಿಗೆ ಕೊಟ್ಟು, ಬೇರಾವ ಉಪಾಯಕ್ಕೂ ಮಣಿಯದಿದ್ದ ಉದ್ರೇಕವು ಅದಕ್ಕೆ ಮಣಿದುದನ್ನು ಕಂಡರು. ಸ್ಕಿಜೋಫ್ರೇನಿಯ ಎಂಬ ದಾರುಣ ಚಿತ್ತವಿಕಲತೆಯ ಚಿಕಿತ್ಸೆಯಲ್ಲಿ ಹೊಸ ಯುಗವೇ ತೆರೆಯಿತು. ಆದರೆ ಅದೇ ದಶಕದಲ್ಲಿ, ಮಕ್ಕಳನ್ನು ಹಡೆಯದ ಕೆಲವು ಸ್ತ್ರೀರೋಗಿಗಳ ಎದೆಯಲ್ಲಿ ಹಾಲು ಒಸರುವುದೂ ಮುಟ್ಟು ನಿಲ್ಲುವುದೂ ವೈದ್ಯರ ಕಣ್ಣಿಗೆ ಬಿದ್ದವು. ೧೯೩೧ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಉನ್ಮಾದಕ್ಕೆ ಮದ್ದೆಂದು ವರ್ಣಿಸಿದ್ದ ನಮ್ಮ ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪೀನ್ ಕೂಡ ಇದೇ ಚೇಷ್ಟೆಯನ್ನು ತೋರಿತು.

ಕಾರಣ ತಿಳಿಯಲು ಎರಡು ದಶಕಗಳು ಬೇಕಾದವು. ಹಾಲೂಡುವ ಪ್ರೊಲ್ಯಾಕ್ಟಿನ್ ಹಾರ್ಮೋನು ಪಾರಿವಾಳಗಳಲ್ಲಿ ೧೯೩೦ರ ದಶಕದಲ್ಲಿಯೇ ಗುರುತಾಗಿದ್ದರೂ, ಮನುಷ್ಯರಲ್ಲಿ ಅದು ಬೆಳವಣಿಗೆಯ ಹಾರ್ಮೋನಿಗಿಂತ ಬೇರೆಯೆಂಬುದು ಸಿದ್ಧವಾದುದು ೧೯೭೦ರ ಸುಮಾರಿಗೆ. ರಕ್ತದಲ್ಲಿ ಅದನ್ನು ಅಳೆಯುವ ವಿಧಾನವೂ ಆಗಲೇ ಬಂದಿತು. ಅಷ್ಟರೊಳಗೆ ಸ್ವೀಡನ್ನಿನ ಕಾರ್ಲ್‌ಸನ್, ಈ ಔಷಧಗಳು ಮೆದುಳಿನ ಡೋಪಮೀನಿನ ದಾರಿಯನ್ನು ತಡೆಯುವುವೆಂದು ೧೯೬೩ರಲ್ಲಿ ಸೂಚಿಸಿದ್ದನು. ಪಿಟ್ಯುಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಹೊರಡದಂತೆ ಹಗಲಿರುಳು ಹಿಡಿದಿಡುವ ಕಡಿವಾಣವೂ ಇದೇ ಡೋಪಮೀನ್ ಆದುದರಿಂದ, ಭ್ರಮೆಯನ್ನು ಶಮನಮಾಡಲು ಕೊಟ್ಟ ಮದ್ದು ಆ ಕಡಿವಾಣವನ್ನೂ ಸಡಿಲಿಸುವುದು ಅನಿವಾರ್ಯವಾಯಿತು.

ಶಾಸ್ತ್ರವು ಎಡವಿದುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಹಾಲು ಮತ್ತು ಮುಟ್ಟುಗಳಿಂದ ಈ ದೋಷವನ್ನು ಗುರುತಿಸಲು ಕಲಿತವರು, ಹರೆಯದ ಹೆಂಗಸರ ತೊಂದರೆಯೆಂದೇ ಅದನ್ನು ಬಗೆದರು. ಮುಟ್ಟು ನಿಂತ ವೃದ್ಧೆಯಲ್ಲಿ ನಿಲ್ಲುವುದಕ್ಕೆ ಮುಟ್ಟೇ ಇಲ್ಲ. ಈಸ್ಟ್ರೊಜೆನ್ ಬತ್ತಿರುವುದರಿಂದ ಹಾಲು ಒಸರುವುದೂ ವಿರಳ. ವೃದ್ಧನಲ್ಲಿಯೋ, ಏರಿದ ಪ್ರೊಲ್ಯಾಕ್ಟಿನ್ ಟೆಸ್ಟೊಸ್ಟಿರೋನನ್ನು ತಗ್ಗಿಸಿದರೆ ಆ ನಿಶ್ಶಕ್ತಿಯನ್ನು ಮುಪ್ಪಿನ ಲೆಕ್ಕಕ್ಕೆ ಬರೆದುಬಿಡುವುದು ಸುಲಭ. ಹೊರಗೆ ಚಿಹ್ನೆ ಕಾಣದಿದ್ದರೂ ಒಳಗೆ ಎಲುಬು ಸವೆಯುತ್ತಿರಬಹುದು. ಎದ್ದು ನಿಂತೊಡನೆ ಇಳಿಯುವ ರಕ್ತದೊತ್ತಡ, ಬಿಗಿದ ಕೈಕಾಲು, ತೂಕಡಿಕೆ, ಇವೂ ಅದೇ ಮದ್ದುಗಳ ಕೊಡುಗೆಗಳೇ ಆಗಿ, ಸವೆದ ಎಲುಬಿನ ಮುದುಕರನ್ನು ಬಚ್ಚಲಿನ ಬಳಿ ಕೆಡವುತ್ತವೆ. ಹೊಸ ಔಷಧಗಳ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಮುಪ್ಪಿನವರನ್ನು ಸೇರಿಸಿಕೊಳ್ಳದಿದ್ದುದರಿಂದ, ಮೂವತ್ತು ನಲವತ್ತು ವರ್ಷ ಮದ್ದು ನುಂಗಿದ ದೇಹದ ಕಥೆ ಬಹುಕಾಲ ಅಲಿಖಿತವಾಗಿಯೇ ಉಳಿಯಿತು.

ಎರಡನೆಯ ಪೀಳಿಗೆಯ ಔಷಧಗಳು ಒಂದು ಕೇಡಿಗೆ ಬದಲಾಗಿ ಇನ್ನೊಂದನ್ನು ತಂದವು. ಕ್ಲೋಜಪೀನ್ ಪ್ರೊಲ್ಯಾಕ್ಟಿನ್ನನ್ನು ಅಷ್ಟಾಗಿ ಏರಿಸದು. ಆದರೆ ಅದೂ ಒಲಾಂಜಪೀನೂ ಮೈತೂಕವನ್ನೂ ಸಕ್ಕರೆ ಕಾಯಿಲೆಯನ್ನೂ ತಂದೊಡ್ಡುತ್ತವೆಂದು ಕಂಡುಬಂದು, ೨೦೦೪ರಲ್ಲಿ ಅಮೆರಿಕದ ಮಧುಮೇಹ ಮತ್ತು ಮನೋವೈದ್ಯ ಸಂಘಗಳು ಇತರ ಸಂಘಗಳೊಡನೆ ಸೇರಿ ತೂಕ, ಸಕ್ಕರೆ, ಕೊಬ್ಬುಗಳನ್ನು ಆಗಾಗ ಅಳೆಯಬೇಕೆಂದು ವಿಧಿಸಿದವು. ೧೯೯೩ರ ಕೊನೆಯಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ರಿಸ್ಪೆರಿಡೋನ್ ಮತ್ತು ಅದರಿಂದ ಹುಟ್ಟುವ ಪ್ಯಾಲಿಪೆರಿಡೋನ್ ಪ್ರೊಲ್ಯಾಕ್ಟಿನ್ನನ್ನು ಹಳೆಯ ಮದ್ದುಗಳಷ್ಟೇ, ಕೆಲವೊಮ್ಮೆ ಇನ್ನೂ ಹೆಚ್ಚಾಗಿ, ಏರಿಸುವುವು. ಪಿಟ್ಯುಟರಿಯು ರಕ್ತ ಮತ್ತು ಮೆದುಳುಗಳ ನಡುವಣ ತಡೆಗೋಡೆಯ ಹೊರಗಿದ್ದು, ರಕ್ತದಲ್ಲಿನ ಮದ್ದು ಅದನ್ನು ಸುಲಭವಾಗಿ ಮುಟ್ಟುವುದೇ ಇದಕ್ಕೆ ಒಂದು ಕಾರಣ. ಪ್ಯಾಲಿಪೆರಿಡೋನ್ ಬಹುಮಟ್ಟಿಗೆ ಮೂತ್ರಪಿಂಡದ ಮೂಲಕವೇ ಹೊರಹೋಗುವುದರಿಂದ, ವಯಸ್ಸಿನೊಡನೆ ಮೂತ್ರಪಿಂಡ ಕುಂದಿದವರಲ್ಲಿ ಅದೇ ಮಾತ್ರೆ ಹೆಚ್ಚಿನ ಮಾತ್ರೆಯಾಗುತ್ತದೆ. ೨೦೦೨ರ ಅರಿಪಿಪ್ರಜೋಲ್ ಮಾತ್ರ ಡೋಪಮೀನಿನ ಸ್ಥಾನವನ್ನು ತಡೆಯುತ್ತಲೇ ಅಲ್ಪವಾಗಿ ಪ್ರಚೋದಿಸುವುದರಿಂದ ಪ್ರೊಲ್ಯಾಕ್ಟಿನ್ನನ್ನು ತಗ್ಗಿಸುತ್ತದೆ.

ಕಡೆಗಣಿಸಲ್ಪಟ್ಟ ಇನ್ನೊಂದು ಹಾರ್ಮೋನು ನೀರನ್ನು ದೇಹದಲ್ಲಿ ಹಿಡಿದಿಡುವ ವಾಸೊಪ್ರೆಸಿನ್. ಈ ಮದ್ದುಗಳಿಂದ ಅದು ಮಿತಿಮೀರಿದರೆ ರಕ್ತದ ಸೋಡಿಯಂ ಇಳಿದು, ವೃದ್ಧರು ಗೊಂದಲಗೊಂಡು ಏನೇನೋ ಮಾತನಾಡುತ್ತಾರೆ. ಮನೆಯವರು ಹಳೆಯ ರೋಗ ಮರುಕಳಿಸಿತೆಂದು ಬಗೆದರೆ, ಮದ್ದು ಇನ್ನಷ್ಟು ಏರುವ ವಿಪರ್ಯಾಸ ಒದಗುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಿಗೆ ಈ ಭಯ ಅಧಿಕ.

೨೦೨೧ರಲ್ಲಿ ಫಿನ್‌ಲೆಂಡಿನ ಸಂಶೋಧಕರು ರಾಷ್ಟ್ರೀಯ ದಾಖಲೆಗಳನ್ನು ಶೋಧಿಸಿ, ಪ್ರೊಲ್ಯಾಕ್ಟಿನ್ ಏರಿಸುವ ಮದ್ದುಗಳನ್ನು ೫ ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸೇವಿಸಿದ ಸ್ಕಿಜೋಫ್ರೇನಿಯದ ಸ್ತ್ರೀಯರಲ್ಲಿ ಸ್ತನಕ್ಯಾನ್ಸರಿನ ಸಂಭವ ಹೆಚ್ಚೆಂದು ಪ್ರಕಟಿಸಿದರು. ಇದು ಸಂಬಂಧವೇ ಹೊರತು ಸಿದ್ಧವಾದ ಕಾರಣವಲ್ಲ; ಆದರೂ ಅಲಕ್ಷಿಸತಕ್ಕ ಮಾತಲ್ಲ.

ಮನೆಯಲ್ಲಿ ಇಂಥ ಮದ್ದು ಸೇವಿಸುವ ಹಿರಿಯರಿದ್ದರೆ ಹೆದರಿ ಗುಳಿಗೆಯನ್ನು ನಿಲ್ಲಿಸಬೇಡಿ, ನಿಲ್ಲಿಸಿದರೆ ರೋಗ ಮರಳಬಹುದು; ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಪ್ರೊಲ್ಯಾಕ್ಟಿನ್, ಸೋಡಿಯಂ, ಸಕ್ಕರೆ, ಎಲುಬಿನ ಸಾಂದ್ರತೆ, ಈ ನಾಲ್ಕನ್ನು ಕೊನೆಯ ಬಾರಿ ನೋಡಿದ್ದು ಯಾವಾಗ ಎಂದು ಕೇಳಿ.