ಆಕಾಶದಲ್ಲಿ ಇಂಧನ ಹಂಚುವವರು: ಆಗ್ರಾದ 78ನೇ ಸ್ಕ್ವಾಡ್ರನ್

ಆಗ್ರಾ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ತಾಜ್‌ಮಹಲ್. ಅದು ಸಹಜವೇ. ಆದರೆ ಅದೇ ಊರಿನಲ್ಲಿ ಭಾರತೀಯ ವಾಯುಪಡೆಯ ದೊಡ್ಡ ನೆಲೆಯೊಂದಿದೆ. ಅಲ್ಲಿ 2003ರಲ್ಲಿ 78ನೇ ಸ್ಕ್ವಾಡ್ರನ್ ಎಂಬ ಪುಟ್ಟ ದಳವೊಂದು ಹುಟ್ಟಿಕೊಂಡಿತು. ಈ ದಳದ ವಿಮಾನಗಳು ಬಾಂಬು ಹಾಕುವುದಿಲ್ಲ, ಕ್ಷಿಪಣಿ ಹಾರಿಸುವುದಿಲ್ಲ. ಹಾರಾಟದಲ್ಲಿರುವ ಬೇರೆ ವಿಮಾನಗಳಿಗೆ ಆಕಾಶದಲ್ಲಿಯೇ ಇಂಧನ ತುಂಬಿಸುವುದು ಅವುಗಳ ಮುಖ್ಯ ಕೆಲಸ. ಶೌರ್ಯ ಪದಕಗಳ ಸುದ್ದಿಯಲ್ಲಿ ಇಂತಹ ದಳಗಳ ಹೆಸರು ಕಾಣುವುದು ಅಪರೂಪ. ಹಾಗೆಂದು ಅವುಗಳ ಇತಿಹಾಸ ಸಣ್ಣದೇನಲ್ಲ.

ಹಾರುವ ವಿಮಾನಕ್ಕೆ ಇನ್ನೊಂದು ವಿಮಾನದಿಂದ ಇಂಧನ ಕೊಡುವ ವಿಚಾರ ಮೊದಲಿಗೆ ಹುಚ್ಚಾಟದಂತೆಯೇ ಕಂಡಿತ್ತು. ಅದನ್ನು ಹುಚ್ಚಾಟವಲ್ಲವೆಂದು ತೋರಿಸಲು ಹೊರಟವರಲ್ಲಿ ಮುಖ್ಯರು ಇಂಗ್ಲೆಂಡಿನ ಸರ್ ಅಲನ್ ಕೋಬಮ್. ಅವರು ಆರಿಸಿಕೊಂಡ ದಾರಿ ಯಾವುದು ಗೊತ್ತೇ? ಇಂಗ್ಲೆಂಡಿನಿಂದ ಅಂದಿನ ಅವಿಭಜಿತ ಭಾರತದ ಕರಾಚಿಗೆ, ಎಲ್ಲಿಯೂ ಇಳಿಯದೆ! 1934ರ ಸೆಪ್ಟೆಂಬರಿನಲ್ಲಿ ಒಂದೇ ಎಂಜಿನ್ನಿನ ಚಿಕ್ಕ ವಿಮಾನವೊಂದರಲ್ಲಿ ಕೋಬಮ್ ಮತ್ತು ಅವರ ಸಂಗಡಿಗ ಹೆಲ್ಮೋರ್ ಹೊರಟರು. ಮೇಲಿನ ವಿಮಾನದಿಂದ ಇಳಿಬಿಟ್ಟ ಹಗ್ಗವನ್ನು ಕೈಯಿಂದ ಹಿಡಿದು, ಅದರೊಡನೆ ಬರುವ ಕೊಳವೆಯನ್ನು ಎಳೆದುಕೊಂಡು ಟ್ಯಾಂಕಿಗೆ ಸೇರಿಸಬೇಕಾಗಿತ್ತು. ಪೆಟ್ರೋಲೇನೋ ಸಿಕ್ಕಿತು. ಆದರೆ ಎಂಜಿನ್ನಿನ ವೇಗ ನಿಯಂತ್ರಿಸುವ ಜೋಡಣೆ ಕಳಚಿಕೊಂಡು ಅವರು ಮಾಲ್ಟಾ ದ್ವೀಪದಲ್ಲಿಯೇ ಇಳಿಯಬೇಕಾಯಿತು. ಇಷ್ಟೇ ಆಗಿದ್ದರೆ ನಗಬಹುದಿತ್ತು. ಅವರಿಗೆ ಇಂಧನ ಕೊಟ್ಟಿದ್ದ ಟ್ಯಾಂಕರ್ ವಿಮಾನವೊಂದು ಅದೇ ತಿಂಗಳು ಇಂಗ್ಲೆಂಡಿನಲ್ಲಿ ನೆಲಕ್ಕಪ್ಪಳಿಸಿ ಅದರಲ್ಲಿದ್ದ ನಾಲ್ವರೂ ಸತ್ತರು.

ಕೋಬಮ್ ಅಲ್ಲಿಗೆ ಬಿಡಲಿಲ್ಲ. ಅವರ ಕಂಪನಿಯ ಉಪಕರಣಗಳನ್ನು ಮಹಾಯುದ್ಧದ ನಂತರ ಅಮೆರಿಕದ ವಾಯುಸೇನೆಯೇ ಕೊಂಡುಕೊಂಡಿತು. 1948ರಲ್ಲಿ ಅಲ್ಲಿ ಇದೇ ಕೆಲಸಕ್ಕೆಂದು 43 ಮತ್ತು 509ನೇ ಸಂಖ್ಯೆಯ ಎರಡು ಸ್ಕ್ವಾಡ್ರನ್‌ಗಳು ರಚನೆಯಾದವು. ಮರುವರ್ಷ, 1949ರ ಫೆಬ್ರವರಿ 26ರಂದು, 'ಲಕ್ಕಿ ಲೇಡಿ 2' ಎಂಬ ಬಾಂಬರ್ ವಿಮಾನ ಟೆಕ್ಸಾಸಿನಿಂದ ಹೊರಟು 94 ಗಂಟೆಗಳಲ್ಲಿ ಎಲ್ಲಿಯೂ ಇಳಿಯದೆ ಭೂಮಿಯನ್ನು ಸುತ್ತಿ ಬಂತು. ಅಜೋರ್ಸ್ ದ್ವೀಪ, ಸೌದಿ ಅರೇಬಿಯಾದ ದಹ್ರಾನ್, ಫಿಲಿಪ್ಪೀನ್ಸ್, ಹವಾಯಿ, ಈ ನಾಲ್ಕು ಕಡೆ 43ನೇ ಸ್ಕ್ವಾಡ್ರನ್ನಿನ ಟ್ಯಾಂಕರುಗಳು ಅದಕ್ಕೆ ಇಂಧನ ಕೊಟ್ಟವು. ಬಾಂಬರಿನ 14 ಮಂದಿಗೆ ಪ್ರಶಸ್ತಿ ಬಂತು, ಪತ್ರಿಕೆಗಳಲ್ಲಿ ಚಿತ್ರ ಬಂತು. ಫಿಲಿಪ್ಪೀನ್ಸ್‌ನಲ್ಲಿ ಇಂಧನ ಕೊಟ್ಟು ಹಿಂದಿರುಗುತ್ತಿದ್ದ ಟ್ಯಾಂಕರುಗಳಲ್ಲಿ ಒಂದು ಕೆಟ್ಟ ಹವಾಮಾನಕ್ಕೆ ಸಿಕ್ಕಿ ಬಿದ್ದು ಒಂಬತ್ತು ಮಂದಿ ಪ್ರಾಣ ಕಳೆದುಕೊಂಡ ಸಂಗತಿ ಎಷ್ಟು ಜನರಿಗೆ ತಿಳಿದಿದೆ?

ಅದೇ 1949ರಲ್ಲಿ ಕೋಬಮ್‌ರ ಕಂಪನಿ ಸುಲಭವಾದ ಇನ್ನೊಂದು ವಿಧಾನವನ್ನು ಕಂಡುಹಿಡಿಯಿತು. ಟ್ಯಾಂಕರಿನಿಂದ ಉದ್ದನೆಯ ಕೊಳವೆ ಹಿಂದಕ್ಕೆ ತೇಲುತ್ತದೆ. ಅದರ ತುದಿಯಲ್ಲಿ ಬುಟ್ಟಿಯಂತಹ ಒಂದು ಸಾಧನವಿರುತ್ತದೆ. ಹಿಂದಿನಿಂದ ಬರುವ ಯುದ್ಧವಿಮಾನದ ಪೈಲಟ್ ತನ್ನ ವಿಮಾನದ ಮುಂಭಾಗದಲ್ಲಿ ಚಾಚಿಕೊಂಡಿರುವ ನಳಿಕೆಯನ್ನು ಆ ಬುಟ್ಟಿಯೊಳಗೆ ಸೇರಿಸಬೇಕು. ಗಾಳಿಯ ಹೊಡೆತಕ್ಕೆ ಬುಟ್ಟಿ ಓಲಾಡುತ್ತಿರುತ್ತದೆ. ಎರಡೂ ವಿಮಾನಗಳು ಗಂಟೆಗೆ ಸುಮಾರು 500 ಕಿಲೋಮೀಟರ್ ವೇಗದಲ್ಲಿರುತ್ತವೆ. ಓಡುವ ಬಸ್ಸಿನಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಲು ಯತ್ನಿಸಿದವರಿಗೆ ಇದರ ಕಷ್ಟ ಸ್ವಲ್ಪ ಅರ್ಥವಾದೀತು. ಆಗ್ರಾದ ದಳ ಅನುಸರಿಸುವುದು ಇದೇ ವಿಧಾನವನ್ನು.

ನಮ್ಮ ವಾಯುಪಡೆಗೆ ಈ ಸಾಮರ್ಥ್ಯ ಬಂದದ್ದು ಬಹಳ ತಡವಾಗಿ. ಮಿರಾಜ್ 2000 ವಿಮಾನಗಳು 1985ರಲ್ಲಿಯೇ ಬಂದಿದ್ದವು. ಅವುಗಳ ಮೂತಿಯ ಬಳಿ ಇಂಧನ ಪಡೆಯುವ ನಳಿಕೆಯೂ ಇತ್ತು. ಆದರೆ ಕೊಡುವವರಿರಲಿಲ್ಲ! ಕೊನೆಗೆ ಆರು ಇಲ್ಯುಶಿನ್ 78 ವಿಮಾನಗಳನ್ನು ಉಜ್ಬೇಕಿಸ್ತಾನದಿಂದ ತರಿಸಲು ತೀರ್ಮಾನವಾಯಿತು. ಶಾಸ್ತ್ರೀಜಿ 1966ರಲ್ಲಿ ಕೊನೆಯುಸಿರೆಳೆದ ಊರೆಂದು ನಾವೆಲ್ಲ ಬಲ್ಲ ತಾಷ್ಕೆಂಟಿನ ಕಾರ್ಖಾನೆಯಲ್ಲಿ ಅವು ತಯಾರಾದವು. 1985ರಿಂದಲೇ ನಮ್ಮಲ್ಲಿದ್ದ 'ಗಜರಾಜ್' ಸಾಗಾಣಿಕೆ ವಿಮಾನದ, ಅಂದರೆ ಇಲ್ಯುಶಿನ್ 76ರ, ರೂಪಾಂತರವೇ ಇದು. ಎರಡು ರೆಕ್ಕೆಗಳ ಅಡಿಯಲ್ಲಿ ಒಂದೊಂದು ಮತ್ತು ಹಿಂಬದಿಯ ಪಕ್ಕದಲ್ಲಿ ಒಂದು, ಹೀಗೆ ಮೂರು ಕಡೆಯಿಂದ ಕೊಳವೆ ಬಿಡಬಹುದು. ಮೂಲ ವಿಮಾನದಲ್ಲಿ ಬಾಲದ ತುದಿಯಲ್ಲಿ ಬಂದೂಕುಗಾರ ಕುಳಿತುಕೊಳ್ಳುವ ಜಾಗವಿತ್ತು. ಇದರಲ್ಲಿ ಅಲ್ಲಿ ಕುಳಿತವನು ಹಿಂದೆ ಬರುವ ವಿಮಾನಗಳ ಮೇಲೆ ಕಣ್ಣಿಟ್ಟು ಇಂಧನ ಹರಿಯುವುದನ್ನು ನೋಡಿಕೊಳ್ಳುತ್ತಾನೆ. ಬಂದೂಕಿನ ಜಾಗಕ್ಕೆ ಇಂಥವನೊಬ್ಬ ಬಂದು ಕುಳಿತದ್ದು ನನಗಂತೂ ಬಹಳ ಇಷ್ಟವಾದ ಬದಲಾವಣೆ.

ದಳ ಹುಟ್ಟಿದ ಮರುವರ್ಷವೇ ಅದರ ಪರೀಕ್ಷೆ ನಡೆಯಿತು. 2004ರಲ್ಲಿ ಆರು ಜಾಗ್ವಾರ್ ವಿಮಾನಗಳು ಸಮರಾಭ್ಯಾಸಕ್ಕೆಂದು ಅಮೆರಿಕದ ಅಲಾಸ್ಕಾಕ್ಕೆ ಹೋದವು. ಜಾಗ್ವಾರ್ ಅಷ್ಟು ದೂರ ಹಾರುವ ವಿಮಾನವೇ ಅಲ್ಲ. ಅಟ್ಲಾಂಟಿಕ್ ಸಾಗರದ ಮೇಲೆ ಅದಕ್ಕೆ ಪೆಟ್ರೋಲ್ ಬಂಕ್ ಎಲ್ಲಿಂದ ಬರಬೇಕು? ಜೊತೆಯಲ್ಲಿ ಹೋದ ಆಗ್ರಾದ ಟ್ಯಾಂಕರುಗಳೇ ಆ ಬಂಕ್ ಆದವು. ಅದೇ ವರ್ಷ ಮಿರಾಜ್‌ಗಳನ್ನು ದಕ್ಷಿಣ ಆಫ್ರಿಕಾಕ್ಕೂ, 2007ರಲ್ಲಿ ಸುಖೋಯ್‌ಗಳನ್ನು ಇಂಗ್ಲೆಂಡಿಗೂ, 2008ರಲ್ಲಿ ಎಂಟು ಸುಖೋಯ್‌ಗಳನ್ನು ಅಮೆರಿಕದ ನೆವಾಡಾಕ್ಕೂ ಈ ದಳ ತಲುಪಿಸಿತು.

ಇದರಲ್ಲಿ ನಮ್ಮ ಬೆಂಗಳೂರಿನ ಪಾಲೂ ಇದೆ. ಅಲ್ಲಿನ ವಿಜ್ಞಾನಿಗಳು ಸಿದ್ಧಪಡಿಸಿದ 'ನೇತ್ರ' ಎಂಬ ಕಣ್ಗಾವಲು ವಿಮಾನ 2017ರಲ್ಲಿ ಇಲ್ಯುಶಿನ್‌ನಿಂದ ಇಂಧನ ಪಡೆಯಿತು. ಮರುವರ್ಷ ತೇಜಸ್ ಸರದಿ. 2018ರ ಸೆಪ್ಟೆಂಬರ್ 4 ಮತ್ತು 6ರಂದು ಇಂಧನ ಹರಿಸದೆ ಬರಿದೇ ಜೋಡಿಸಿ ನೋಡಿದರು. 10ರಂದು 20,000 ಅಡಿ ಎತ್ತರದಲ್ಲಿ 1,900 ಕಿಲೋ ಇಂಧನ ತೇಜಸ್‌ನ ಒಡಲು ಸೇರಿತು. ಹಾರುತ್ತಲೇ ಇಂಧನ ಪಡೆಯುವ ಯುದ್ಧವಿಮಾನಗಳನ್ನು ತಯಾರಿಸಿದ ಕೆಲವೇ ದೇಶಗಳ ಸಾಲಿಗೆ ಭಾರತವೂ ಸೇರಿತು. ಸುದ್ದಿಯೆಲ್ಲ ತೇಜಸ್‌ನದೇ ಆಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ವಿದ್ಯಾರ್ಥಿಗಳೇ, ಇನ್ನು ಹೇಳಬೇಕಾದ್ದು ಸಂತೋಷದ ವಿಷಯವಲ್ಲ. ಇಷ್ಟು ದೊಡ್ಡ ವಾಯುಪಡೆಗೆ ಬಂದದ್ದು ಆರೇ ಟ್ಯಾಂಕರ್. ಆ ಆರೂ ಒಟ್ಟಿಗೆ ಹಾರುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ. ಶೇ. 70ರಷ್ಟು ಸನ್ನದ್ಧತೆ ಇರಬೇಕಾದಲ್ಲಿ 2010ರಿಂದ 2016ರ ಅವಧಿಯಲ್ಲಿ ಇದ್ದದ್ದು ಶೇ. 49 ಮಾತ್ರ ಎಂದು ಮಹಾಲೇಖಪಾಲರು 2017ರ ವರದಿಯಲ್ಲಿ ಬರೆದರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ವಿನ್ಯಾಸ ಮಾಡಿದವರು ಒಂದು ದೇಶದಲ್ಲಿ, ಜೋಡಿಸಿದ ಕಾರ್ಖಾನೆ ಇನ್ನೊಂದು ದೇಶದಲ್ಲಿ ಉಳಿದ ಯಂತ್ರಕ್ಕೆ ಬಿಡಿಭಾಗ ಹುಡುಕುವುದು ಎಷ್ಟು ಕಷ್ಟವೆಂದು ಊಹಿಸಬಹುದು. ಹೊಸ ಟ್ಯಾಂಕರ್ ಕೊಳ್ಳುವ ಪ್ರಯತ್ನ ಎರಡು ಬಾರಿ ನಡೆದು, ಎರಡು ಬಾರಿಯೂ ಯುರೋಪಿನ ಏರ್‌ಬಸ್ ವಿಮಾನವೇ ಆಯ್ಕೆಯಾಗಿ, 2010ರಲ್ಲಿ ಒಮ್ಮೆ, 2016ರಲ್ಲಿ ಇನ್ನೊಮ್ಮೆ ರದ್ದಾಯಿತು. ದುಬಾರಿಯೆಂಬುದು ದೊಡ್ಡ ಆಕ್ಷೇಪವಾಗಿತ್ತು. ನೂರಾರು ಯುದ್ಧವಿಮಾನ ಇಟ್ಟುಕೊಂಡು ಅವುಗಳ ದಾರಿಯ ಬುತ್ತಿಗೆ ಮಾತ್ರ ಹಣವಿಲ್ಲವೆನ್ನುವುದು ನನಗೆ ಸರಿಕಾಣುವುದಿಲ್ಲ.

2020ರ ಜುಲೈನಲ್ಲಿ ಮೊದಲ ಐದು ರಫೇಲ್‌ಗಳು ಫ್ರಾನ್ಸಿನಿಂದ ಬಂದಾಗ ದಾರಿಯಲ್ಲಿ ಇಂಧನ ಕೊಟ್ಟದ್ದು ಫ್ರಾನ್ಸಿನ ಟ್ಯಾಂಕರ್. ನಂತರದ ತಂಡಗಳಲ್ಲಿ ಕೆಲವಕ್ಕೆ ಸಂಯುಕ್ತ ಅರಬ್ ಎಮಿರೇಟ್ಸ್‌ನ ವಾಯುಪಡೆ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ನಮ್ಮ ರಕ್ಷಣಾ ಸಚಿವಾಲಯ ಒಂದು ಖಾಸಗಿ ಕಂಪನಿಯ ಕೆಸಿ-135 ಟ್ಯಾಂಕರ್ ಅನ್ನು, ಅದನ್ನು ನಡೆಸುವ ಸಿಬ್ಬಂದಿ ಸಮೇತ, ಬಾಡಿಗೆಗೆ ಪಡೆಯಲು ಸಹಿ ಹಾಕಿತು. ಆಗ್ರಾದ ದಳ ಹುಟ್ಟಿ ಆಗ ಇಪ್ಪತ್ತೆರಡು ವರ್ಷವಾಗಿತ್ತು. ಬಾಡಿಗೆಯ ಆ ಒಂದು ವಿಮಾನವೂ ವಾಯುಪಡೆ ಮತ್ತು ನೌಕಾಪಡೆಯ ಪೈಲಟ್‌ಗಳ ತರಬೇತಿಗೆಂದು ಗೊತ್ತುಪಡಿಸಿದ್ದು.