ಬೋರ್ ಪೈಪಿನ ಥ್ರೆಡ್ಡಿಗೆ ಇನ್ನೂರು ವರ್ಷದ ಕಥೆ

ಕಳೆದ ಬೇಸಿಗೆಯಲ್ಲಿ ನಮ್ಮ ಹೊಲದ ಬೋರಿನಿಂದ ಮೋಟರ್ ಎತ್ತಿಸಬೇಕಾಯಿತು. ನೀರು ಇದ್ದಕ್ಕಿದ್ದಂತೆ ಕಡಿಮೆಯಾಗಿತ್ತು. ಅಂತರ್ಜಲ ಹೋಯಿತು ಅಂತಲೇ ಅಪ್ಪ ತಲೆಮೇಲೆ ಕೈಹೊತ್ತು ಕೂತಿದ್ದರು. ಎತ್ತಿ ನೋಡಿದರೆ ನೀರೂ ಇತ್ತು, ಮೋಟರೂ ಚೆನ್ನಾಗಿತ್ತು. ಒಂದು ಕಬ್ಬಿಣದ ಪೈಪಿನ ತುದಿಯ ಥ್ರೆಡ್ ಸವೆದು ಅಲ್ಲೇ ನೀರು ಸೋರುತ್ತಿತ್ತು. "ಇನ್ನೊಂದು ವಾರ ಬಿಟ್ಟಿದ್ರ ಮೋಟರು ಬೋರಿನಾಗ ಬೀಳ್ತಿತ್ರಿ" ಅಂದರು ಎತ್ತಲು ಬಂದ ಹುಡುಗರು. ಬಿದ್ದಿದ್ದರೆ ಮೋಟರೂ ಇಲ್ಲ, ಬೋರೂ ಇಲ್ಲ, ಎರಡು ವರ್ಷದ ಅಡಿಕೆ ಸಸಿಗಳೂ ಇಲ್ಲ.

ಪೈಪನ್ನು ಗಾಡಿಗೆ ಹಾಕಿಕೊಂಡು ಊರಿನ ಲೇತ್ ಅಂಗಡಿಗೆ ಹೋದೆ. ತಗಡಿನ ಶೆಡ್ಡು, ಒಳಗೆ ಒಂದೇ ಲೇತು. ನಡೆಸುವವರನ್ನು ನಾವೆಲ್ಲ ಕಾಕಾ ಅಂತ ಕರೆಯುತ್ತೇವೆ. ಎಪ್ಪತ್ತರ ಹತ್ತಿರದ ವಯಸ್ಸು. ಇಪ್ಪತ್ತು ಅಡಿಯ ಪೈಪನ್ನು ಲೇತಿನ ಹೊಟ್ಟೆಯ ತೂತಿನಿಂದ ಹಾಯಿಸಿದರು. ಹಿಂದಿನ ಭಾಗ ಕಿಟಕಿಯಿಂದ ರಸ್ತೆಗೆ ಚಾಚಿತು. ಸವೆದ ತುದಿ ಕತ್ತರಿಸಿ ಹೊಸ ಥ್ರೆಡ್ ಕೊರೆಯಲು ಶುರುಮಾಡಿದರು.

"ಕಾಕಾ, ಸಾಕೆಟ್ ಮನ್ಯಾಗ ಬಿಟ್ಟು ಬಂದೀನಿ. ಅಳತಿ ನೋಡೂದು ಬ್ಯಾಡೇನು?"

"ಯಾಕ ಬೇಕು? ಯಾವ ಅಂಗಡ್ಯಾಗಿಂದ ತಂದ್ರೂ ಕೂಡ್ತೈತಿ."

ಕೂಡಿತು ಕೂಡ. ಪೈಪ್ ಮಾಡಿದ ಕಾರ್ಖಾನೆ ಎಲ್ಲಿಯದೋ, ಸಾಕೆಟ್ ಮಾಡಿದ್ದು ಇನ್ನೆಲ್ಲೋ, ಥ್ರೆಡ್ ಕೊರೆದದ್ದು ನಮ್ಮೂರಲ್ಲಿ. ಮೂವರೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಆದರೂ ಒಂದರೊಳಗೊಂದು ಸೇರಿ ಕೂತವು. ಇದು ನಮಗೆ ಎಷ್ಟು ಸಹಜವಾಗಿದೆ ಎಂದರೆ ಆಶ್ಚರ್ಯವೇ ಆಗುವುದಿಲ್ಲ. ಇನ್ನೂರು ವರ್ಷದ ಹಿಂದೆ ಇದು ಯಾವ ದೇಶದಲ್ಲೂ ಆಗದ ಮಾತಾಗಿತ್ತು.

ಕಡೆಯುವ ಕೆಲಸ ಹಳೆಯದು

ಒಂದು ವಸ್ತುವನ್ನು ತಿರುಗಿಸುತ್ತಾ ಅದಕ್ಕೆ ಉಳಿ ಹಿಡಿದು ರೂಪ ಕೊಡುವುದು ಬಹಳ ಹಳೆಯ ವಿದ್ಯೆ. ನಾವು ಮಜ್ಜಿಗೆ ಕಡೆಯುವುದಕ್ಕೂ ಮರ ಕಡೆಯುವುದಕ್ಕೂ ಒಂದೇ ಮಾತು ಬಳಸುತ್ತೇವೆ. ಹಗ್ಗ ಎಳೆದು ತಿರುಗಿಸುವ ಹಳೆಯ ಲೇತಿಗೂ ಕಡೆಗೋಲಿಗೂ ನಂಟಿದೆ. ಚನ್ನಪಟ್ಟಣದ ಬೊಂಬೆ, ತೊಟ್ಟಿಲಿನ ಕಾಲು, ಲಟ್ಟಣಿಗೆ ಎಲ್ಲವೂ ಹೀಗೆ ಕಡೆದವೇ.

ಅಲ್ಲಿ ಉಳಿ ಇರುವುದು ಮನುಷ್ಯನ ಕೈಯಲ್ಲಿ. ಕೈ ನಡುಗಿದರೆ ಅಳತೆ ತಪ್ಪಿತು. ಬೊಂಬೆಗೆ ಅದು ನಡೆಯುತ್ತದೆ. ಎರಡು ಬೊಂಬೆ ಕೂದಲೆಳೆಯಷ್ಟು ಬೇರೆ ಇದ್ದರೆ ಮಗು ಅಳುವುದಿಲ್ಲ. ಉಗಿ ಯಂತ್ರಕ್ಕೆ ನಡೆಯುವುದಿಲ್ಲ.

ಸ್ಕಾಟ್ಲೆಂಡಿನ ಜೇಮ್ಸ್ ವಾಟ್ 1769ರಲ್ಲೇ ತನ್ನ ಹೊಸ ಉಗಿ ಯಂತ್ರಕ್ಕೆ ಪೇಟೆಂಟ್ ಪಡೆದ. ಆದರೆ ವರ್ಷಗಟ್ಟಲೆ ಅದು ಸರಿಯಾಗಿ ಓಡಲಿಲ್ಲ. ಆಗಿನ ಕೆಲಸಗಾರರು ಮಾಡಿಕೊಟ್ಟ ಸಿಲಿಂಡರ್ ಪೂರ್ತಿ ಗುಂಡಗಿರುತ್ತಿರಲಿಲ್ಲ, ಪಿಸ್ಟನ್ ಪಕ್ಕದಿಂದ ಉಗಿ ಸೋರಿಹೋಗುತ್ತಿತ್ತು. ನಮ್ಮ ಪೈಪಿನ ಕಥೆಯೇ. ಕೊನೆಗೆ ದಾರಿ ತೋರಿಸಿದ್ದು ಜಾನ್ ವಿಲ್ಕಿನ್ಸನ್ ಎಂಬ ಕಬ್ಬಿಣದ ಕಾರ್ಖಾನೆಯ ಮಾಲೀಕ. ಫಿರಂಗಿಯ ನಳಿಗೆ ಕೊರೆಯುವ ಅನುಭವದಿಂದ ಅವನು ಸಿಲಿಂಡರ್ ಕೊರೆಯುವ ಯಂತ್ರ ಕಟ್ಟಿದ. 50 ಇಂಚು ಅಗಲದ ಸಿಲಿಂಡರಿನಲ್ಲಿ ತಪ್ಪು ಒಂದು ಹಳೆಯ ನಾಣ್ಯದ ದಪ್ಪಕ್ಕಿಂತ ಹೆಚ್ಚಿರಲಿಲ್ಲ. ವಾಟ್‌ನ ಯಂತ್ರ 1776ರಲ್ಲಿ ಕೆಲಸಕ್ಕೆ ಬಂತು.

ಶಾಲೆಯ ಪುಸ್ತಕದಲ್ಲಿ ವಾಟ್‌ನ ಹೆಸರಿದೆ. ಆದರೆ ವಿಲ್ಕಿನ್ಸನ್‌ನ ಕೊರೆಯುವ ಯಂತ್ರ ಇಲ್ಲದಿದ್ದರೆ ಅವನ ಯಂತ್ರ ಕಾಗದದ ಮೇಲೆ ಉಳಿಯುತ್ತಿತ್ತು. ಯಂತ್ರ ಮಾಡುವ ಯಂತ್ರ ಮೊದಲು ಬೇಕು. ಅದನ್ನೇ ಮಷೀನ್ ಟೂಲ್ ಎನ್ನುತ್ತಾರೆ. ಲೇತು, ಕೊರೆಯುವ ಡ್ರಿಲ್ಲಿಂಗ್ ಮಷೀನು, ಮೇಲ್ಮೈ ಸಮ ಮಾಡುವ ಶೇಪರು, ಗಿಯರಿನ ಹಲ್ಲು ಕತ್ತರಿಸುವ ಮಿಲ್ಲಿಂಗ್ ಮಷೀನು, ತಿಕ್ಕಿ ನುಣುಪು ಮಾಡುವ ಗ್ರೈಂಡರು ಇವೆಲ್ಲ ಒಂದೇ ಮನೆತನದವು.

ಸಂಬಳ ಹೆಚ್ಚಿಸದಿದ್ದಕ್ಕೆ ಹುಟ್ಟಿದ ಅಂಗಡಿ

ಹೆನ್ರಿ ಮಾಡ್ಸ್‌ಲೇ ಹುಟ್ಟಿದ್ದು 1771ರಲ್ಲಿ, ಲಂಡನ್ ಪಕ್ಕದ ವುಲಿಚ್‌ನಲ್ಲಿ. ಹುಡುಗನಾಗಿದ್ದಾಗಲೇ ಅಲ್ಲಿನ ಮದ್ದುಗುಂಡಿನ ಕಾರ್ಖಾನೆ ಸೇರಿದ. 18ನೇ ವಯಸ್ಸಿಗೆ ಜೋಸೆಫ್ ಬ್ರಾಮಾ ಎಂಬ ಬೀಗ ತಯಾರಕನ ಹತ್ತಿರ ಬಂದ. ಕೆಲವೇ ವರ್ಷಗಳಲ್ಲಿ ಅಂಗಡಿಯ ಮುಖ್ಯ ಮೇಸ್ತ್ರಿಯಾದ. ವಾರಕ್ಕೆ 30 ಶಿಲ್ಲಿಂಗ್ ಸಿಗುತ್ತಿತ್ತು. ಹೆಂಡತಿ ಮಕ್ಕಳಾದ ಮೇಲೆ ಸಂಬಳ ಹೆಚ್ಚಿಸಿ ಎಂದು ಕೇಳಿದ. ಮಾಲೀಕ ಆಗುವುದಿಲ್ಲ ಎಂದ. 1797ರಲ್ಲಿ ಮಾಡ್ಸ್‌ಲೇ ಹೊರಗೆ ಬಂದು ಸ್ವಂತ ಅಂಗಡಿ ಹಾಕಿದ.

ಅದೇ ವರ್ಷಗಳಲ್ಲಿ ಅವನು ಕಟ್ಟಿದ ಲೇತಿನಲ್ಲಿ ಮೂರು ಸಂಗತಿ ಒಟ್ಟಿಗೆ ಸೇರಿದ್ದವು. ಒಂದು, ಉಳಿಯನ್ನು ಮನುಷ್ಯನ ಕೈಯಿಂದ ತೆಗೆದು, ಜಾರುವ ಕಬ್ಬಿಣದ ಗಾಡಿಗೆ ಬಿಗಿದ. ಎರಡು, ಆ ಗಾಡಿಯನ್ನು ಮುಂದೆ ತಳ್ಳಲು ಉದ್ದನೆಯ ಸ್ಕ್ರೂ ಒಂದನ್ನು ಅಳವಡಿಸಿದ. ಮೂರು, ತಿರುಗುವ ಕಬ್ಬಿಣಕ್ಕೂ ಈ ಸ್ಕ್ರೂಗೂ ನಡುವೆ ಬದಲಾಯಿಸಬಹುದಾದ ಗಿಯರುಗಳನ್ನು ಹಾಕಿದ.

ಇದರ ಲೆಕ್ಕ ಕಷ್ಟದ್ದಲ್ಲ. ನಮ್ಮ ಒಂದೂಕಾಲು ಇಂಚಿನ ಪೈಪಿಗೆ ಒಂದು ಇಂಚಿನಲ್ಲಿ 11 ಸುತ್ತು ಥ್ರೆಡ್ ಬೇಕು. ಪೈಪು 11 ಸುತ್ತು ತಿರುಗುವಷ್ಟರಲ್ಲಿ ಉಳಿ ಸರಿಯಾಗಿ ಒಂದು ಇಂಚು ಸರಿಯಬೇಕು, ಅಷ್ಟೇ. ಅರ್ಧ ಇಂಚಿನ ನಲ್ಲಿಗೆ 14 ಸುತ್ತು ಬೇಕು. ಆಗ ಗಿಯರ್ ಬದಲಿಸಿದರೆ ಸಾಕು. ಕಾಕಾನ ಲೇತಿನ ಎಡಗಡೆಯ ಮುಚ್ಚಳ ತೆಗೆದರೆ ಕಾಣುವ ಗಿಯರುಗಳು ಮಾಡುವುದು ಇದನ್ನೇ.

ಮಾಡ್ಸ್‌ಲೇ ಒಬ್ಬನೇ ಇದನ್ನು ಯೋಚಿಸಿದ್ದನೆಂದಲ್ಲ. ಫ್ರಾನ್ಸಿನ ವೋಕಾನ್ಸನ್ ಅವನಿಗಿಂತ ಮೊದಲೇ ಜಾರುವ ಗಾಡಿಯ ಲೇತು ಮಾಡಿದ್ದ. ಅಮೆರಿಕದ ಡೇವಿಡ್ ವಿಲ್ಕಿನ್ಸನ್ 1798ರಲ್ಲಿ ಸ್ಕ್ರೂ ಕೊರೆಯುವ ಲೇತಿಗೆ ಪೇಟೆಂಟ್ ಪಡೆದ. ಆದರೆ ಎಲ್ಲವನ್ನೂ ಗಟ್ಟಿ ಕಬ್ಬಿಣದಲ್ಲಿ ಕೂಡಿಸಿ, ಅಳತೆಯಲ್ಲಿ ರಾಜಿಯಿಲ್ಲದೆ ದಿನನಿತ್ಯದ ಕೆಲಸಕ್ಕೆ ತಂದ ಹೆಸರು ಮಾಡ್ಸ್‌ಲೇಗೆ ಸಲ್ಲುತ್ತದೆ. ಅವನ ಮೇಜಿನ ಮೇಲೆ ಅಳತೆ ನೋಡುವ ಒಂದು ಮೈಕ್ರೊಮೀಟರ್ ಇತ್ತು. ಅಳತೆಯ ಜಗಳ ಬಂದರೆ ಅದರದೇ ಕೊನೆಯ ತೀರ್ಪು. ಹಾಗಾಗಿ ಅದಕ್ಕೆ ದೇಶದ ದೊಡ್ಡ ನ್ಯಾಯಾಧೀಶರ ಪದವಿಯಾದ 'ಲಾರ್ಡ್ ಚಾನ್ಸಲರ್' ಎಂದೇ ಹೆಸರಿಟ್ಟಿದ್ದ.

ನೂರಾಹತ್ತು ಜನರ ಕೆಲಸ, ಹತ್ತು ಜನರಿಂದ

ಆಗಿನ ಹಾಯಿ ಹಡಗುಗಳಿಗೆ ಹಗ್ಗ ಎಳೆಯಲು ಮರದ ರಾಟೆಗಳು ಬೇಕಿದ್ದವು. ಬಾವಿಯ ರಾಟೆಯ ತಮ್ಮಂದಿರು ಎನ್ನಿ. ಒಂದು ದೊಡ್ಡ ಯುದ್ಧನೌಕೆಗೆ ಸುಮಾರು 1,000 ರಾಟೆ ಬೇಕು. ಎಲ್ಲವನ್ನೂ ಬಡಿಗರು ಕೈಯಲ್ಲಿ ಮಾಡುತ್ತಿದ್ದರು. ಮಾರ್ಕ್ ಬ್ರುನೆಲ್ ಎಂಬ ಎಂಜಿನಿಯರ್ ಈ ಕೆಲಸವನ್ನು ಚಿಕ್ಕ ಚಿಕ್ಕ ಹಂತಗಳಾಗಿ ಒಡೆದು, ಒಂದೊಂದು ಹಂತಕ್ಕೆ ಒಂದೊಂದು ಯಂತ್ರ ಯೋಚಿಸಿದ. ಆ ಯಂತ್ರಗಳನ್ನು ಕಟ್ಟಿಕೊಟ್ಟದ್ದು ಮಾಡ್ಸ್‌ಲೇ. ಪೋರ್ಟ್ಸ್‌ಮತ್ ಬಂದರಿನಲ್ಲಿ ಅವು ಸಾಲಾಗಿ ನಿಂತವು. 1808ರ ಹೊತ್ತಿಗೆ ವರ್ಷಕ್ಕೆ 1,30,000 ರಾಟೆ ಅಲ್ಲಿಂದ ಬರುತ್ತಿದ್ದವು. 110 ನುರಿತ ಬಡಿಗರು ಮಾಡುತ್ತಿದ್ದ ಕೆಲಸವನ್ನು ಹೊಸದಾಗಿ ಕಲಿತ 10 ಜನ ಮಾಡಿದರು.

ಇದನ್ನು ಓದಿದಾಗಲೆಲ್ಲ ನನಗೆ ಲೆಕ್ಕದಿಂದ ಹೊರಗುಳಿದ ಬಡಿಗರ ನೆನಪಾಗುತ್ತದೆ. ಇತಿಹಾಸ ಯಂತ್ರದ ಹೆಸರು ಬರೆದಿಟ್ಟಿದೆ. ಅವರ ಹೆಸರು ಬರೆದಿಟ್ಟಿಲ್ಲ.

ಮಾಡ್ಸ್‌ಲೇ ಅಂಗಡಿಯಲ್ಲಿ ಕೆಲಸ ಕಲಿತವರಲ್ಲಿ ಜೋಸೆಫ್ ವಿಟ್‌ವರ್ತ್ ಒಬ್ಬ. ಆಗ ಒಂದೊಂದು ಕಾರ್ಖಾನೆಯ ಥ್ರೆಡ್ ಒಂದೊಂದು ಬಗೆ. ಬೋಲ್ಟ್ ಮುರಿದರೆ ಅದನ್ನು ಮಾಡಿದವನ ಬಾಗಿಲಿಗೇ ಹೋಗಬೇಕಿತ್ತು. ವಿಟ್‌ವರ್ತ್ ಬೇರೆ ಬೇರೆ ಕಾರ್ಖಾನೆಗಳ ಬೋಲ್ಟುಗಳನ್ನು ತರಿಸಿ ಅಳೆದು, ಸರಾಸರಿ ತೆಗೆದ. 1841ರಲ್ಲಿ ಎಲ್ಲರಿಗೂ ಒಂದೇ ಪದ್ಧತಿ ಇರಲಿ ಎಂದು ಮುಂದಿಟ್ಟ. ಥ್ರೆಡ್ಡಿನ ಕೋನ 55 ಡಿಗ್ರಿ. ಇಂತಿಷ್ಟು ದಪ್ಪಕ್ಕೆ ಇಂಚಿಗೆ ಇಂತಿಷ್ಟು ಸುತ್ತು. ರೈಲ್ವೆಯವರು ಅದನ್ನು ಒಪ್ಪಿಕೊಂಡರು, ಬ್ರಿಟಿಷರು ಹೋದಲ್ಲೆಲ್ಲ ಅದೂ ಹೋಯಿತು.

ಈಗ ನಮ್ಮಲ್ಲಿ ನಟ್ಟು ಬೋಲ್ಟು ಬಹುಪಾಲು ಮಿಲಿಮೀಟರ್ ಲೆಕ್ಕಕ್ಕೆ ಬಂದಿವೆ. ಪೈಪು ಮಾತ್ರ ಹಳೆಯ ದಾರಿ ಬಿಟ್ಟಿಲ್ಲ. ನಿಮ್ಮ ಮನೆಯ ನಲ್ಲಿಯನ್ನು ಬಿಚ್ಚಿ ನೋಡಿ. ಆ ಥ್ರೆಡ್ಡಿನ ಕೋನ ಇವತ್ತಿಗೂ ವಿಟ್‌ವರ್ತ್ ಹೇಳಿದ 55 ಡಿಗ್ರಿಯೇ. ಕಾಕಾ ಸಾಕೆಟ್ ನೋಡದೆ ಥ್ರೆಡ್ ಕೊರೆದ ಧೈರ್ಯದ ಗುಟ್ಟು ಇದು.

ನಮ್ಮ ಕಡೆಗೆ ಬಂದದ್ದು

ಈ ವಿದ್ಯೆ ನಮ್ಮ ನೆಲಕ್ಕೆ ಬಂದ ಕಥೆ ಬೆಳಗಾವಿಯಿಂದ ಶುರುವಾಗುತ್ತದೆ. ಅದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. ಮೇವು ಕತ್ತರಿಸುವ ಯಂತ್ರ ಮಾಡಿದರು, ಆಮೇಲೆ ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷವಾಗುತ್ತದೆ ಎಂದು ರೈತರು ಮೊದಮೊದಲು ಆ ನೇಗಿಲನ್ನು ಮುಟ್ಟಲಿಲ್ಲ. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನದ ನೆಲಕ್ಕೆ ಹೋಯಿತು. ಅದೇ ಇಂದಿನ ಕಿರ್ಲೋಸ್ಕರವಾಡಿ.

ಎರಡನೇ ಮಹಾಯುದ್ಧ ಬಂದಾಗ ಹೊರದೇಶದ ಲೇತುಗಳು ಸಿಗುವುದು ಕಷ್ಟವಾಯಿತು. ಅಂಥ ಹೊತ್ತಿನಲ್ಲಿ, 1941ರಲ್ಲಿ, ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಶುರುವಾಯಿತು. ಹರಿಹರದ ಹೆಸರು ಹೊತ್ತ ಲೇತುಗಳು ದೇಶದ ಕಾಲೇಜು, ಐಟಿಐ, ಸಣ್ಣ ವರ್ಕ್‌ಶಾಪುಗಳಿಗೆಲ್ಲ ಹೋದವು.

1953ರಲ್ಲಿ ಕೇಂದ್ರ ಸರ್ಕಾರ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್ ಕಟ್ಟಿತು. ಅದೇ ಎಚ್‌ಎಂಟಿ. ನಮಗೆ ಎಚ್‌ಎಂಟಿ ಎಂದರೆ ಅಜ್ಜನ ಕೈಗಡಿಯಾರ, ಇಲ್ಲವೇ ಟ್ರ್ಯಾಕ್ಟರ್. ಗಡಿಯಾರ ಬಂದದ್ದು 1961ರಲ್ಲಿ, ಟ್ರ್ಯಾಕ್ಟರ್ ಅದಕ್ಕೂ ಆಮೇಲೆ. ಮೊದಲು ಮಾಡಿದ್ದು ಲೇತು. ಹೆಸರಿನಲ್ಲೇ ಅದು ಇದೆ, ನಾವು ಬಿಡಿಸಿ ಓದಲಿಲ್ಲ.

ಹರಿಹರದ ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ಬಾಗಿಲು ಮುಚ್ಚಿತು. ಎಚ್‌ಎಂಟಿಯ ಗಡಿಯಾರ, ಟ್ರ್ಯಾಕ್ಟರ್ ಘಟಕಗಳನ್ನು ಮುಚ್ಚಲು 2016ರಲ್ಲಿ ತೀರ್ಮಾನವಾಯಿತು. ಹಾಗಂತ ಕೆಲಸ ನಿಂತಿಲ್ಲ. ಪೀಣ್ಯದಲ್ಲಿ, ತುಮಕೂರಿನ ಕಡೆ ಕಂಪ್ಯೂಟರ್ ಹೇಳಿದಂತೆ ನಡೆಯುವ ಸಿಎನ್‌ಸಿ ಯಂತ್ರಗಳು ಓಡುತ್ತಿವೆ. ಮಾಡ್ಸ್‌ಲೇ ಉಳಿಯನ್ನು ಕೈಯಿಂದ ತೆಗೆದು ಗಾಡಿಗೆ ಕೊಟ್ಟ. ಈಗ ಗಾಡಿಯ ಹಿಡಿಕೆಯನ್ನೂ ಮನುಷ್ಯನ ಕೈಯಿಂದ ತೆಗೆದು ಕಂಪ್ಯೂಟರಿಗೆ ಕೊಟ್ಟಿದ್ದಾರೆ. ಒಂದೇ ಬಗೆಯ ಸಾವಿರ ತುಂಡು ಬೇಕಾದರೆ ಅದರ ಮುಂದೆ ಯಾರೂ ಇಲ್ಲ.

ನಮಗೆ ಬೇಕಾದದ್ದು ಸಾವಿರವಲ್ಲ, ಒಂದು. ಸವೆದ ಒಂದು ಪೈಪು, ಮುರಿದ ಒಂದು ಟ್ರ್ಯಾಲಿ ಪಿನ್ನು, ಅಂಗಡಿಯಲ್ಲಿ ಸಿಗದ ಹಳೆಯ ಪಂಪಿನ ಒಂದು ಶಾಫ್ಟು. ಅದೂ ಇವತ್ತೇ ಬೇಕು, ಗಿಡ ಒಣಗುವ ಮೊದಲು. ಅದನ್ನು ಮಾಡಿಕೊಡುವುದು ತಾಲ್ಲೂಕಿನ ಲೇತ್ ಅಂಗಡಿ ಮಾತ್ರ.

ಕಾಕಾ ಹರಿಹರದಲ್ಲೇ ಕೆಲಸ ಕಲಿತವರು. ಕಾರ್ಖಾನೆ ಮುಚ್ಚಿದ ಮೇಲೆ ಹರಾಜಿನಲ್ಲಿ ಸಿಕ್ಕ ಹಳೆಯ ಲೇತೊಂದನ್ನು ತಂದು ಈ ಶೆಡ್ಡು ಹಾಕಿದರು. "ಈಗ ಬೋರಿಗೆ ಪ್ಲಾಸ್ಟಿಕ್ ಪೈಪ್ ಬಂದಾವು. ಥ್ರೆಡ್ ಹಾಕಸಾಕ ಬರೋರು ಕಡಿಮಿ ಆಗ್ಯಾರ" ಅಂದರು. ಮಗ ಬೆಂಗಳೂರಿನಲ್ಲಿ ಸಿಎನ್‌ಸಿ ನಡೆಸುತ್ತಾನೆ, ಊರಿಗೆ ಬರುವುದಿಲ್ಲ. ಕಲಿಯಲು ಬಂದ ಇಬ್ಬರು ಹುಡುಗರು ತಿಂಗಳಾಗುವಷ್ಟರಲ್ಲಿ ಡೆಲಿವರಿ ಕೆಲಸಕ್ಕೆ ಹೋದರು.

"ನಿಮ್ಮ ನಂತರ ಯಾರು ಕಾಕಾ?" ಅಂತ ಕೇಳಿದೆ.

ಅವರು ಉತ್ತರ ಕೊಡಲಿಲ್ಲ. ಬ್ರಷ್ ತಗೊಂಡು ಲೇತಿನ ಮೇಲೆ ಬಿದ್ದ ಕಬ್ಬಿಣದ ಸುರುಳಿಗಳನ್ನು ಗುಡಿಸಿದರು. ಜಾರುವ ಗಾಡಿಯ ಹಳಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು, ಹಳೆಯ ಬನಿಯನ್ನಿನಿಂದ ಒರೆಸಿದರು. ಆಮೇಲೆ ಪೈಪಿನ ತುದಿಗೆ ಒಂದು ಚಿಂದಿ ಸುತ್ತಿ ಕೊಟ್ಟರು. "ಗಾಡ್ಯಾಗ ಥ್ರೆಡ್ಡಿಗೆ ಪೆಟ್ಟು ಬೀಳದಂಗ ಒಯ್ಯಿ ತಮ್ಮಾ."

ಸಂಜೆಗೆ ಮೋಟರ್ ಇಳಿಸಿದೆವು. ನೀರು ಮೊದಲಿನಂತೆ ಬಂತು. ನಿಮ್ಮ ತಾಲ್ಲೂಕಿನಲ್ಲೂ ಇಂಥ ಒಂದು ಅಂಗಡಿ ಇರುತ್ತದೆ. ಮುಂದಿನ ಸಲ ಹೋದಾಗ, ಕೆಲಸ ಮುಗಿಯುವವರೆಗೆ ಮೊಬೈಲ್ ಕಿಸೆಯಲ್ಲಿಟ್ಟು ಅವರ ಕೈಯನ್ನೇ ನೋಡಿ. ಮನೆಯಲ್ಲಿ ಐಟಿಐ ಓದುವ ಹುಡುಗ ಇದ್ದರೆ ಅವನನ್ನೂ ಕರೆದುಕೊಂಡು ಹೋಗಿ.